ಮಗು ನಡೆದದ್ದು ಯಾವಾಗ?

ಮಗುವಿಗೆ ಕಿವಿ ಕೇಳುತ್ತಿಲ್ಲ ಎಂದು ಬಂದವರನ್ನು ನಾನೀಗ ಮೊದಲು ಕೇಳುವುದು ಇಷ್ಟು: ಕತ್ತು ನಿಂತದ್ದು ಯಾವಾಗ? ಕೂತದ್ದು, ನಡೆದದ್ದು ಯಾವಾಗ?

ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ಆಗಿ ಇದನ್ನು ಕಲಿತದ್ದು ತಪ್ಪು ಮಾಡಿಯೇ. ನಾನು ಮಾತು ಕಲಿಸಿದ್ದ ಹುಡುಗನೊಬ್ಬ ಹತ್ತನೇ ವಯಸ್ಸಿಗೆ ಮುಸ್ಸಂಜೆಯಲ್ಲಿ ಹೊಸ್ತಿಲು ಎಡವತೊಡಗಿದ. ಇರುಳುಗಣ್ಣು. ಅವನ ಹಳೆಯ ಫೈಲಿನಲ್ಲಿ ‘ಎರಡು ವರ್ಷಕ್ಕೆ ನಡೆದ’ ಎಂದು ನನ್ನದೇ ಕೈಬರಹದಲ್ಲಿತ್ತು.

ಅದು ಕಿವಿಯನ್ನೂ ಕಣ್ಣನ್ನೂ ಕೆಡಿಸುವ ವಂಶವಾಹಿ ಕಾಯಿಲೆ ಅಷರ್ ಸಿಂಡ್ರೋಮ್‌ನ ಮೊದಲ ವಿಧ. ಹೆಚ್ಚಾಗಿ ಅದಕ್ಕೆ ಕಾರಣ 11ನೇ ಕ್ರೋಮೋಸೋಮಿನ ಎಂವೈಓ7ಎ ಜೀನ್. ಈ ನಂಟು ಗೊತ್ತಾದದ್ದು 1995ರಲ್ಲಿ. ಮಯೋಸಿನ್ 7ಎ ಎಂಬ ಮೋಟಾರ್ ಪ್ರೋಟೀನನ್ನು ಕಟ್ಟುವ ಜೀನ್ ಅದು. ಒಳಗಿವಿಯ ಕೂದಲುಕೋಶಗಳ ತುದಿಯ ಎಳೆಗಳನ್ನು ಈ ಪ್ರೋಟೀನು ಸಾಲಾಗಿ, ಬಿಗಿಯಾಗಿ ಹಿಡಿದಿಡುತ್ತದೆ. ಮೈಯ ಸಮತೋಲನ ನೋಡಿಕೊಳ್ಳುವುದೂ ಅಂಥವೇ ಕೋಶಗಳು, ಅದಕ್ಕೇ ಈ ಮಕ್ಕಳು ತಡವಾಗಿ ನಡೆಯುತ್ತಾರೆ. ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿ ಈ ಪ್ರೋಟೀನಿನದು ಸಾಗಣೆಯ ಕೆಲಸ. ಅದು ಕೆಟ್ಟರೆ ನೋಟ ನಿಧಾನವಾಗಿ, ವರ್ಷಗಳ ಮೇಲೆ ಕುಗ್ಗುತ್ತದೆ. ಇದೇ ಜೀನಿನ ಕೆಲವು ದೋಷಗಳಲ್ಲಿ ಕಿವಿ ಮಾತ್ರ ಹೋಗಿ ಕಣ್ಣು ಉಳಿಯುವುದೂ ಉಂಟು. ಹಾಗಾಗಿ ರಿಪೋರ್ಟಿನಲ್ಲಿ ಜೀನಿನ ಹೆಸರು ಕಂಡ ಕೂಡಲೇ ನಾನು ಬಾಯಿ ಬಿಡುವುದಿಲ್ಲ.

ಆಮೇಲೆ ಬಂದ ಒಂದು ಹೆಣ್ಣುಮಗುವಿಗೆ ಹದಿನಾಲ್ಕು ತಿಂಗಳು. ಕೂರಲು ಬೆನ್ನಿಗೆ ದಿಂಬು ಬೇಕಿತ್ತು. ತಾಯಿ ಮದುವೆಯಾದದ್ದು ಸೋದರಮಾವನನ್ನು. ವಂಶವೃಕ್ಷದಲ್ಲಿ ಅವರಿಬ್ಬರ ನಡುವೆ ರಕ್ತಸಂಬಂಧದ ಗುರುತಾದ ಜೋಡಿಗೆರೆ ಎಳೆದೆ, ಜೆನೆಟಿಕ್ಸ್ ವಿಭಾಗಕ್ಕೆ ಕಳಿಸಿ ರಕ್ತ ಕೊಡಿಸಿದೆ. ಮಗುವಿನ ಆ ಜೀನಿನ ಎರಡೂ ಪ್ರತಿಗಳಲ್ಲಿ ಒಂದೇ ದೋಷ, ಅಷರ್‌ನದೇ.

“ಮಾವನ್ನ ಮದುವೆ ಆಗಿದ್ದಕ್ಕಾ ಮೇಡಂ?” ಎಂದರು ಆಕೆ, ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ.

ಸುಳ್ಳು ಹೇಳಲಿಲ್ಲ. “ಇಂಥ ಅಡಗಿದ ದೋಷ ಎಲ್ಲರಲ್ಲೂ ಇರುತ್ತಮ್ಮ, ನನ್ನಲ್ಲೂ. ರಕ್ತಸಂಬಂಧದಲ್ಲಿ ಎರಡು ಒಂದೇ ಕಡೆ ಸೇರೋ ಸಾಧ್ಯತೆ ಜಾಸ್ತಿ. ಮುಂದಿನ ಒಂದೊಂದು ಬಸುರಿಗೂ ಹೀಗಾಗೋ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ತಪ್ಪು ನಿಮ್ಮದಲ್ಲ.”

ಒಳಗಿವಿಗೆ ಕೂರಿಸಿ ಕೇಳಿಸುವ ಸಾಧನ ಕಾಕ್ಲಿಯರ್ ಇಂಪ್ಲಾಂಟ್ ಬೇಗ, ಎರಡೂ ಕಿವಿಗೆ ಆಗಲಿ ಎಂದು ಹಠ ಹಿಡಿದೆ. ತುಟಿ ನೋಡಿ, ಸನ್ನೆ ನೋಡಿ ತಿಳಿಯಲು ಮುಂದೆ ಕಣ್ಣು ಜೊತೆಗಿರದಿರಬಹುದು. ಇನ್ನೊಂದು ಮಾತನ್ನು ಎರಡು ಸಲ ಹೇಳಿದೆ: ಕೆರೆ, ಬಾವಿ ಹತ್ತಿರ ಒಬ್ಬಳನ್ನೇ ಬಿಡಬೇಡಿ. ನೀರೊಳಗೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ಅವಳ ಮೈಗೆ ತಿಳಿಯುವುದಿಲ್ಲ.

ಮುಂದಿನ ಸಲ ಬಂದಾಗ ತಂದೆ ಮೊಬೈಲಿನಲ್ಲಿ ಫೋಟೊ ತೋರಿಸಿದರು. ಹಿತ್ತಲ ಬಾವಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದರು.