ಒಂದೂವರೆ ಪುಟ, ತರಗತಿಯಲ್ಲೇ

‘ಓದಿ ಬನ್ನಿ’ ಎಂದರೆ ಬಿ.ಎ. ಅರ್ಥಶಾಸ್ತ್ರದವರು ಓದಿ ಬರುವುದಿಲ್ಲ. ಪರೀಕ್ಷೆಗೆ ಗೈಡು ಸಾಕು. ಹಾಗಾಗಿ ನಾನು ಹಾಳೆ ಹಂಚಿ ತರಗತಿಯಲ್ಲೇ ಓದಿಸುತ್ತೇನೆ. ‘ನಮ್ಮ ಹುಡುಗರ ಹತ್ತಿರ ಇದು ನಡೆಯಲ್ಲ ಸರ್’ ಎಂದಿದ್ದ ಸಹೋದ್ಯೋಗಿಗಳೇ ಈಗ ನನ್ನ ಹಾಳೆಗಳನ್ನು ಕೇಳಿ ಒಯ್ಯುತ್ತಾರೆ.

ವಾಟ್ಸಾಪಿನಲ್ಲಿ ಪಿಡಿಎಫ್ ಕಳಿಸಿದರೆ ನೀಲಿ ಟಿಕ್ ಬರುತ್ತದೆ, ಫೈಲು ತೆರೆಯುವುದಿಲ್ಲ. ಸರದಿಯಲ್ಲಿ ಗಟ್ಟಿಯಾಗಿ ಓದಿಸಿದರೆ ಒಬ್ಬ ಓದುತ್ತಾನೆ, ಉಳಿದವರು ತಮ್ಮ ಪಾಲಿನ ಪ್ಯಾರಾ ಎಣಿಸುತ್ತಾರೆ. ಕೊನೆಗೆ ನಿಂತದ್ದು ಇದು: ಒಂದೂವರೆ ಪುಟ, ಹನ್ನೆರಡು ನಿಮಿಷ ಮೌನ ಓದು, ಐದು ನಿಮಿಷದಲ್ಲಿ ಚೀಟಿಯ ಮೇಲೆ ಒಂದೇ ಉತ್ತರ. ಪ್ರಶ್ನೆಯನ್ನು ಓದು ಮುಗಿದ ಮೇಲೆಯೇ ಬೋರ್ಡಿಗೆ ಹಾಕಬೇಕು. ಮೊದಲೇ ಹಾಕಿದರೆ ಕಣ್ಣು ಉತ್ತರ ಹುಡುಕುತ್ತದೆ, ಓದುವುದಿಲ್ಲ. ‘ಸಾರಾಂಶ ಬರೆಯಿರಿ’ ಎಂದರೆ ಮೊದಲೆರಡು ಸಾಲೇ ನಕಲಾಗಿ ಬರುತ್ತವೆ. ‘ಯಾವ ಮಾತಿಗೆ ಇಲ್ಲಿ ಆಧಾರ ಕೊಟ್ಟಿಲ್ಲ, ಸಾಲಿನ ಸಂಖ್ಯೆ ಬರೆಯಿರಿ’ ಎಂದರೆ ಹಾಳೆಗೆ ಮರಳಲೇಬೇಕು.

ಹೀಗೆ ಓದಿಸಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಕರ್ನಾಟಕದ ಪ್ರಾದೇಶಿಕ ಅಸಮಾನತೆಯ ಬಗ್ಗೆ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೊಟ್ಟ 2002ರ ವರದಿ. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. ಪಟ್ಟಿ ಕೈಗೆ ಸಿಕ್ಕ ತಕ್ಷಣ ಎಲ್ಲರ ಬೆರಳೂ ತಮ್ಮ ತಾಲ್ಲೂಕಿನ ಹೆಸರು ಹುಡುಕುತ್ತದೆ. ‘ಪಕ್ಕದ ತಾಲ್ಲೂಕು ನಮಗಿಂತ ಮುಂದೆ ಹೇಗೆ ಸರ್?’ ಎಂಬ ಜಗಳ ಎದ್ದಾಗ, ತಾಲ್ಲೂಕು ಎಷ್ಟು ಮುಂದಿದೆ ಎಂದು ಅಳೆಯುವ ಸೂಚ್ಯಂಕವನ್ನು ಲೆಕ್ಕ ಹಾಕಿದ ಪುಟ ಕೊಡುತ್ತೇನೆ. 35 ಸೂಚಕಗಳ ಆ ಒಣ ಪುಟವನ್ನು ಬೇರೆ ಯಾವ ದಾರಿಯಲ್ಲೂ ಓದಿಸಲು ಆಗಿರಲಿಲ್ಲ.

ದುಡ್ಡಿನ ಮಾತು. ಎರಡೂ ಬದಿ ಜೆರಾಕ್ಸಿಗೆ ಸುಮಾರು ಎರಡು ರೂಪಾಯಿ. ಅರವತ್ತು ಮಂದಿಗೆ ವಾರಕ್ಕೆ ನೂರಿಪ್ಪತ್ತು, ಜೇಬಿನಿಂದಲೇ. ಇಬ್ಬರಿಗೊಂದು ಪ್ರತಿ ಕೊಟ್ಟರೆ ಒಬ್ಬ ಓದುತ್ತಾನೆ, ಇನ್ನೊಬ್ಬ ಕಿಟಕಿ ನೋಡುತ್ತಾನೆ. ಹಾಗಾಗಿ ತಲೆಗೊಂದು ಪ್ರತಿ, ಪ್ಲಾಸ್ಟಿಕ್ ಕವರಿನಲ್ಲಿ, ಅಂಚಿನಲ್ಲಿ ಪ್ರತಿ ಐದನೇ ಸಾಲಿಗೆ ಸಂಖ್ಯೆ. ಹಾಳೆಯ ಮೇಲೆ ಯಾರೂ ಗೀಚುವುದಿಲ್ಲವಾದ್ದರಿಂದ ಅದೇ ಸೆಟ್ಟು ಮೂರು ಸೆಕ್ಷನ್ನಿಗೆ ಬರುತ್ತದೆ.

ಚೀಟಿಗೆ ಅಂಕ ಕೊಡಬೇಡಿ. ಇಂಟರ್ನಲ್ಸ್‌ಗೆ ಸೇರಿಸಿದ ವಾರವೇ ಒಂದೇ ಉತ್ತರ ಇಡೀ ಬೆಂಚಿನಲ್ಲಿ ಓಡುತ್ತದೆ. ಬದಲಿಗೆ ಮುಂದಿನ ತರಗತಿಯಲ್ಲಿ ಮೂರು ಚೀಟಿಗಳನ್ನು ಹೆಸರು ಹೇಳದೆ ಓದುತ್ತೇನೆ.

ಇದರ ಜೊತೆಗೆ ಇನ್ನೊಂದು ಪ್ರಯೋಗವೂ ಕೈಹಿಡಿಯಿತು: ಒಂದು ಪುಟ ಕನ್ನಡದಲ್ಲಿ, ಮುಂದುವರಿದ ಅರ್ಧ ಪುಟ ಇಂಗ್ಲಿಷಿನಲ್ಲಿ. ವಿಷಯ ಆಗಲೇ ತಲೆಯಲ್ಲಿರುವುದರಿಂದ ಪದ ಗೊತ್ತಿಲ್ಲದ ಕಡೆಯೂ ನಿಲ್ಲುವುದಿಲ್ಲ. ಮೊದಮೊದಲು ಅರ್ಧಕ್ಕರ್ಧ ಚೀಟಿಗಳು ಖಾಲಿ ಬರುತ್ತಿದ್ದವು, ಸೆಮಿಸ್ಟರ್ ಕೊನೆಗೆ ಖಾಲಿ ಚೀಟಿಗಳು ಏಳೆಂಟಕ್ಕೆ ಇಳಿದವು. ಊಟದ ನಂತರದ ಪೀರಿಯಡ್ಡಿನಲ್ಲಿ ಮಾತ್ರ ಇದನ್ನು ಮಾಡಬೇಡಿ. ಮೌನ ಓದು ಅಲ್ಲಿ ನಿದ್ದೆಯಾಗುತ್ತದೆ.