ಬಿಚ್ಚದ ಪಾರ್ಸೆಲ್ ಎಣಿಸಿ ಶಾಪಿಂಗ್ ಚಟ ಗುರುತಿಸಿದ್ದು

ಆರ್ಡರ್ ಹಿಸ್ಟರಿ ನೋಡಿಯೇ ಶಾಪಿಂಗ್ ಚಟ ಹಿಡಿಯಬಹುದು ಅಂದಾಗ ಜೊತೆಯ ಕೌನ್ಸೆಲರ್‌ಗಳು ಒಪ್ಪಲಿಲ್ಲ. “ಪ್ರಶ್ನೆ ಕೇಳಿ ಅಂಕ ಹಾಕುವ ಸ್ಕೇಲ್ ಇದೆಯಲ್ಲ, ಆರ್ಡರ್‌ಗಳನ್ನು ಒಂದು ಹಾಳೆಗೆ ಇಳಿಸಲು ಎರಡು ಗಂಟೆ ಕೂತರೆ 600 ರೂಪಾಯಿ ಫೀಸಿಗೆ ಪೂರೈಸುತ್ತಾ?” ಅಂದರು. ಈಗ ಅವರೇ ನನ್ನ ಹತ್ತಿರ ಕೇಸ್ ಕಳಿಸುತ್ತಾರೆ.

ಮೊದಲು ನಾನೂ ಶಾಪಿಂಗ್ ಚಟ ಅಳೆಯುವ ಬರ್ಗನ್ ಸ್ಕೇಲಿನ 7 ವಾಕ್ಯಗಳನ್ನು ಕನ್ನಡಕ್ಕೆ ಮಾಡಿಕೊಂಡು ಕೇಳುತ್ತಿದ್ದೆ. ಹಬ್ಬ, ಮದುವೆ, ಆಫರ್ ಅಂತ ಎಲ್ಲದಕ್ಕೂ ಒಂದು ಕಾರಣ ಬರುತ್ತಿತ್ತು. ಒಬ್ಬ ಮೇಡಂಗೆ ಸ್ಕೋರ್ ಕಡಿಮೆ ಬಂತು, ಏನೂ ತೊಂದರೆಯಿಲ್ಲ ಅಂತ ಕಳಿಸಿಬಿಟ್ಟೆ. ನಾಲ್ಕು ತಿಂಗಳಿಗೆ ಅಳುತ್ತಾ ಬಂದರು. ಬಳೆ ಅಡವಿಟ್ಟಿದ್ದರು, ಚೀಟಿ ಹಣ ಮುಗಿದಿತ್ತು, ಕಾರ್ಡಿನ ಸಾಲ ಸುಮಾರು 2.5 ಲಕ್ಷ. ಗಂಡನಿಗೆ ಗೊತ್ತೇ ಇರಲಿಲ್ಲ. ಆ ತಪ್ಪು ಇನ್ನೂ ನನ್ನನ್ನು ಕಾಡುತ್ತದೆ.

ಆಮೇಲೆ ಅವರ ಜೊತೆ ಕೂತು ಮೂರು ತಿಂಗಳ ಆರ್ಡರ್‌ಗಳನ್ನು ಹಾಳೆಗೆ ಇಳಿಸಿದೆ. ಪ್ರತಿ ಸಾಲಿನ ಪಕ್ಕ ಮೂರೇ ವಿಷಯ: ಎಷ್ಟು ಗಂಟೆಗೆ ತಗೊಂಡರು, ಆ ಹೊತ್ತಿಗೆ ಮನೆಯಲ್ಲಿ ಏನಾಗಿತ್ತು, ಕವರ್ ಬಿಚ್ಚಿದ್ದಾರಾ. ಅರವತ್ತು ಚಿಲ್ಲರೆ ಆರ್ಡರ್‌ಗಳಲ್ಲಿ ನಲವತ್ತರಷ್ಟು ಬೀರುವಿನ ಹಿಂದೆ ಹಾಗೇ ಇದ್ದವು. ಹೆಚ್ಚಿನವು ರಾತ್ರಿ ಹನ್ನೊಂದರ ನಂತರ, ಜಗಳವಾದ ದಿನ ತಗೊಂಡದ್ದು. ಮೊತ್ತ ನೋಡಿ ಮೋಸಹೋಗಬೇಡಿ. ಅರವತ್ತು ಸಾವಿರದ ಫೋನ್ ತಗೊಂಡು ನೆಮ್ಮದಿಯಾಗಿ ಬಳಸುವವರಿದ್ದಾರೆ. ಮುನ್ನೂರು ರೂಪಾಯಿಯ ಓಲೆಯನ್ನು ತಿಂಗಳಿಗೆ ಇಪ್ಪತ್ತು ಸಲ ತರಿಸಿ ಬಚ್ಚಿಡುವವರೂ ಇದ್ದಾರೆ.

ಹಾಳೆಯಿಂದ ಇನ್ನೊಂದು ಉಪಯೋಗವಾಯಿತು. ಒಬ್ಬ ಹುಡುಗ ಹತ್ತೇ ದಿನದಲ್ಲಿ ಮೂರು ಫೋನ್ ತಗೊಂಡಿದ್ದ. ಹಿಂದಿನ ತಿಂಗಳುಗಳು ಪೂರ್ತಿ ಖಾಲಿ. ನಿದ್ದೆ ಎಷ್ಟು ಅಂತ ಕೇಳಿದೆ, ಎರಡು ಗಂಟೆ ಅಂದ. ಅದು ಚಟವಲ್ಲ, ಮೇನಿಯಾ, ಅಂದರೆ ಮನಸ್ಸು ಅತಿಯಾಗಿ ಉಬ್ಬಿ ನಿದ್ದೆಯೇ ಬೇಡವಾಗುವ ಕಾಯಿಲೆ. ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಸಾಮಾನನ್ನು ಮೂರು ದಿನ ಕಾರ್ಟಿನಲ್ಲೇ ಬಿಡಿ ಅಂದೆ. ಕೆಲವರು ಹಾಗೆ ಕಾಯುವ ಬದಲು, ಸಾಮಾನು ತರಿಸಿ ವಾಪಸ್ ಕಳಿಸುವುದನ್ನೇ ಶುರುಮಾಡಿದರು. ಬ್ಯಾಂಕ್ ಲೆಕ್ಕ ಶುದ್ಧ, ಚಟ ಮಾತ್ರ ಹಾಗೇ! ಅಂದಿನಿಂದ ರಿಟರ್ನ್‌ಗೂ ಒಂದು ಕಾಲಂ ಹಾಕಿದ್ದೇನೆ.

ಅಮೆರಿಕದ ಮನೋವೈದ್ಯರ ಕಾಯಿಲೆ ಪಟ್ಟಿ ಡಿಎಸ್‌ಎಂ-5ರಲ್ಲಿ ಶಾಪಿಂಗ್ ಚಟಕ್ಕೆ ಜಾಗವಿಲ್ಲ ಅಂತ ಈಗಲೂ ವಾದ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಐಸಿಡಿ-11ರಲ್ಲೂ ಪ್ರತ್ಯೇಕ ಕೋಡ್ ಇಲ್ಲ ನಿಜ. ಹಾಗಂತ ಬೀರುವಿನ ಹಿಂದಿನ ಪಾರ್ಸೆಲ್ ಸುಳ್ಳಾಗುತ್ತದಾ?

ಸಂಕೋಚಪಡುವವರು ತಾವಾಗಿಯೇ ಫೋನ್ ತೆಗೆದು ತೋರಿಸುವಂತೆ ನಾನು ಕೇಳುವ ಮೊದಲ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ. ಅದು ಮೊದಲೇ ಗೊತ್ತಾದರೆ ಕೆಲಸ ಮಾಡುವುದಿಲ್ಲ.

ಆ ಮೇಡಂ ಕಳೆದ ತಿಂಗಳು ತಂದ ಹಾಳೆಯಲ್ಲಿ ಒಂಬತ್ತೇ ಸಾಲು. ಒಂಬತ್ತೂ ಬಿಚ್ಚಿದ ಕವರ್‌ಗಳೇ. ಬಳೆ ಬಿಡಿಸಿಕೊಳ್ಳಲು ಇನ್ನೂ ಮೂವತ್ತು ಸಾವಿರ ಕಟ್ಟಬೇಕು.