ನಿಕ್ಸ್‌ಓಎಸ್ ಕೈಕೊಟ್ಟಾಗ ಮೊದಲು ನೋಡಿ: ಎಲ್ಲಿ ನಿಂತಿತು?

ನನ್ನ ಲ್ಯಾಪ್‌ಟಾಪ್‌ನಲ್ಲೂ, ಹಗಲೂ ರಾತ್ರಿ ಓಡುವ ಒಂದು ಹಳೇ ಡೆಸ್ಕ್‌ಟಾಪ್‌ನಲ್ಲೂ ನಿಕ್ಸ್‌ಓಎಸ್ ಎಂಬ ಲಿನಕ್ಸ್ ಇದೆ. ಬೇರೆ ಲಿನಕ್ಸ್‌ಗಳಲ್ಲಿ ಒಂದೊಂದೇ ಪ್ಯಾಕೇಜ್ ಹಾಕುತ್ತಾ, ಒಂದೊಂದೇ ಫೈಲ್ ತಿದ್ದುತ್ತಾ ಹೋಗುತ್ತೇವೆ. ಇಲ್ಲಿ ಸಿಸ್ಟಂ ಹೇಗಿರಬೇಕು ಅಂತ 'ಕಾನ್ಫಿಗರೇಶನ್.ನಿಕ್ಸ್' ಫೈಲಿನಲ್ಲಿ ಬರೆದಿಟ್ಟು 'ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್' ಎಂದು ಕೊಟ್ಟರೆ, ಅದೇ ಪೂರ್ತಿ ಕಟ್ಟಿ ಕೊಡುತ್ತದೆ. ಕೆಲಸ ಮಾಡಿದರೆ ಇದರಷ್ಟು ಸುಖ ಬೇರೆ ಇಲ್ಲ. ಮಾಡದಿದ್ದಾಗ ಪರದೆ ತುಂಬ ಎರರ್ ಸುರಿಯುತ್ತದೆ. ಹೊಸಬರು ಗಾಬರಿಯಾಗುವುದು ಅಲ್ಲೇ.

ಗಾಬರಿ ಬೇಡ. ಆ ಎರರ್ ಓದುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೆಲಸ ಯಾವ ಹಂತದಲ್ಲಿ ನಿಂತಿತು? ರೀಬಿಲ್ಡ್ ಅಂದರೆ ಒಂದೇ ಕೆಲಸ ಅಲ್ಲ, ಮೂರು. ಮೊದಲು ನಿಮ್ಮ ಫೈಲುಗಳನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆ. ಇದು ಇವ್ಯಾಲ್ಯುಯೇಶನ್. ಆಮೇಲೆ ಬೇಕಾದ ಪ್ಯಾಕೇಜುಗಳನ್ನು ಇಳಿಸಿಕೊಂಡು ಅಥವಾ ಕಟ್ಟಿ ಸ್ಟೋರ್‌ನಲ್ಲಿ (ನಿಕ್ಸ್ ಎಲ್ಲವನ್ನೂ ಇಡುವ ಫೋಲ್ಡರ್) ಇಡುತ್ತದೆ. ಇದು ಬಿಲ್ಡ್. ಕೊನೆಗೆ ಹೊಸ ಸಿಸ್ಟಂಗೆ ಬದಲಾಗಿ ಸರ್ವಿಸ್‌ಗಳನ್ನು ಎಬ್ಬಿಸುತ್ತದೆ. ಇದು ಆಕ್ಟಿವೇಶನ್. ಮೊದಲ ಎರಡು ಹಂತದಲ್ಲಿ ಏನೇ ಕೆಟ್ಟರೂ ಈಗ ಓಡುತ್ತಿರುವ ಸಿಸ್ಟಂಗೆ ಏನೂ ಆಗಿರುವುದಿಲ್ಲ. ಇದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ.

ಇನ್ನರ್ಧ ಭಯಕ್ಕೆ ಮದ್ದು ಜನರೇಶನ್‌ಗಳು. ಪ್ರತಿ ಸ್ವಿಚ್‌ಗೂ ಒಂದು ಹೊಸ ಜನರೇಶನ್ ಆಗುತ್ತದೆ, ಹಳೆಯದು ಹಾಗೇ ಉಳಿಯುತ್ತದೆ. ಬೂಟ್ ಮೆನುವಿನಲ್ಲಿ ಅವೆಲ್ಲ ಸಾಲಾಗಿ ಕಾಣುತ್ತವೆ. ಹೊಸದು ಏಳದಿದ್ದರೆ ಹಳೆಯದನ್ನು ಆರಿಸಿ ಒಳಗೆ ಬನ್ನಿ. ಒಳಗಿದ್ದುಕೊಂಡೇ ಹಿಂದಕ್ಕೆ ಹೋಗಬೇಕಾದರೆ 'ನಿಕ್ಸ್‌ಓಎಸ್-ರೀಬಿಲ್ಡ್ ಸ್ವಿಚ್' ಜೊತೆ 'ರೋಲ್‌ಬ್ಯಾಕ್' ಆಯ್ಕೆ ಕೊಡಿ. ಒಂದು ವಿಷಯ ಮಾತ್ರ ನೆನಪಿರಲಿ. ಹಿಂದಕ್ಕೆ ಹೋಗುವುದು ಪ್ಯಾಕೇಜುಗಳು ಮತ್ತು ಕಾನ್ಫಿಗರೇಶನ್ ಅಷ್ಟೇ. ನಿಮ್ಮ ಹೋಮ್ ಫೋಲ್ಡರ್, ಡೇಟಾಬೇಸ್ ಒಳಗಿನ ಮಾಹಿತಿ ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೆ ಬ್ಯಾಕಪ್ ಬೇರೆ ಬೇಕು.

ಏನಾದರೂ ದೊಡ್ಡದು ಬದಲಿಸುವಾಗ ನಾನು ನೇರ ಸ್ವಿಚ್ ಮಾಡುವುದಿಲ್ಲ. ಮೊದಲು 'ಬಿಲ್ಡ್', ಆಮೇಲೆ 'ಟೆಸ್ಟ್', ಆಮೇಲೆ 'ಸ್ವಿಚ್'. ಬಿಲ್ಡ್ ಕೊಟ್ಟರೆ ಸುಮ್ನೆ ಕಟ್ಟಿ ಇಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಟೆಸ್ಟ್ ಕೊಟ್ಟರೆ ಹೊಸ ಸಿಸ್ಟಂ ಓಡುತ್ತದೆ, ಆದರೆ ಬೂಟ್ ಮೆನುವಿಗೆ ಸೇರುವುದಿಲ್ಲ. ಪರದೆ ಕಪ್ಪಾಯಿತು, ನೆಟ್‌ವರ್ಕ್ ಹೋಯಿತು ಅಂದರೆ ಮಷಿನ್ ರೀಬೂಟ್ ಮಾಡಿದರೆ ಸಾಕು, ಹಳೆಯದೇ ಬರುತ್ತದೆ. ದೂರದಲ್ಲಿರುವ ಮಷಿನ್ ಆದರೆ ಈ ಕ್ರಮ ಬಿಡಲೇಬೇಡಿ.

ಓದುವಾಗಲೇ ನಿಂತರೆ

ಜಾಸ್ತಿ ತೊಂದರೆ ಬರುವುದು ಇಲ್ಲೇ. ಎರರ್‌ನ ಕೊನೆಯ ಕೆಲವು ಸಾಲು ಮೊದಲು ಓದಿ. ಈಗಿನ ನಿಕ್ಸ್‌ನಲ್ಲಿ ನಿಜವಾದ ಕಾರಣ ಸಾಮಾನ್ಯವಾಗಿ ತಳದಲ್ಲೇ ಇರುತ್ತದೆ. ಮೇಲಿರುವುದೆಲ್ಲ ಅಲ್ಲಿಗೆ ಹೇಗೆ ತಲುಪಿತು ಎಂಬ ದಾರಿ. ಅಷ್ಟರಲ್ಲಿ ತಿಳಿಯದಿದ್ದರೆ 'ಶೋ-ಟ್ರೇಸ್' ಸೇರಿಸಿ ಮತ್ತೆ ಓಡಿಸಿ, ಉದ್ದದ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ ಹುಡುಕಬೇಕಾದ್ದು ನಿಮ್ಮದೇ ಫೈಲಿನ ಹೆಸರು. ನಿಕ್ಸ್‌ಪ್ಯಾಕೇಜಸ್ (ನಿಕ್ಸ್‌ನ ಪ್ಯಾಕೇಜುಗಳ ಭಂಡಾರ) ಒಳಗಿನ ಫೈಲುಗಳ ಹೆಸರು ನೂರು ಬರಲಿ, ದಾಟಿ ಹೋಗಿ.

ಸೆಮಿಕೋಲನ್ ಬಿಟ್ಟುಹೋದರೆ ಎರರ್ ತೋರಿಸುವುದು ಅದರ ಮುಂದಿನ ಸಾಲನ್ನು. ಆ ಸಾಲು ಸರಿಯಾಗಿಯೇ ಇರುತ್ತದೆ, ನೀವು ಅದನ್ನೇ ದಿಟ್ಟಿಸಿ ನೋಡುತ್ತಾ ಕೂರುತ್ತೀರಿ. ಒಂದು ಸಾಲು ಮೇಲಕ್ಕೆ ಹೋಗಿ ನೋಡಿ.

'ಇಂಥ ಆಪ್ಶನ್ ಇಲ್ಲ' ಎಂದು ಬಂದರೆ ಸಾಮಾನ್ಯವಾಗಿ ಎರಡು ಕಾರಣ: ಅಕ್ಷರ ತಪ್ಪಿದೆ, ಇಲ್ಲವೇ ಹೆಸರು ಬದಲಾಗಿದೆ. ನಿಕ್ಸ್‌ಓಎಸ್ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್ ಹೊತ್ತಿಗೆ ಹೊಸ ಆವೃತ್ತಿ ಬಿಡುತ್ತದೆ. ಆವೃತ್ತಿಯ ಹೆಸರೇ ವರ್ಷ ಮತ್ತು ತಿಂಗಳು. 24.11ರಲ್ಲಿ 'ಹಾರ್ಡ್‌ವೇರ್.ಓಪನ್‌ಜಿಎಲ್' ಎಂದಿದ್ದದ್ದು 'ಹಾರ್ಡ್‌ವೇರ್.ಗ್ರಾಫಿಕ್ಸ್' ಆಯಿತು. ಇಂಥ ಕಡೆ ಹೊಸ ಹೆಸರನ್ನು ಎಚ್ಚರಿಕೆಯಲ್ಲೇ ಬರೆದು ಹೇಳುತ್ತದೆ. ಬರೀ ಎಚ್ಚರಿಕೆ ತಾನೇ ಅಂತ ಕಡೆಗಣಿಸಬೇಡಿ, ಅವತ್ತೇ ತಿದ್ದಿಬಿಡಿ. ಆದರೆ ಆವೃತ್ತಿ ಏರಿಸುವಾಗ 'ಸಿಸ್ಟಂ.ಸ್ಟೇಟ್‌ವರ್ಶನ್' ಸಂಖ್ಯೆಗೆ ಮಾತ್ರ ಕೈ ಹಾಕಬೇಡಿ. ಅದು ಈ ಮಷಿನ್‌ನಲ್ಲಿ ನೀವು ಮೊದಲು ಹಾಕಿದ ಆವೃತ್ತಿಯ ಗುರುತು. ಡೇಟಾಬೇಸ್‌ನಂಥವು ತಮ್ಮ ಹಳೇ ಡೇಟಾ ಯಾವ ರೂಪದಲ್ಲಿದೆ ಎಂದು ಅದನ್ನು ನೋಡಿ ತೀರ್ಮಾನಿಸುತ್ತವೆ.

ಒಂದೇ ಆಪ್ಶನ್‌ಗೆ ಎರಡು ಕಡೆ ಬೇರೆ ಬೇರೆ ಬೆಲೆ (ವ್ಯಾಲ್ಯೂ) ಕೊಟ್ಟಿದ್ದರೆ 'ಕಾನ್‌ಫ್ಲಿಕ್ಟಿಂಗ್' ಎಂಬ ಪದ ಇರುವ ಎರರ್ ಬರುತ್ತದೆ. ಪ್ರತಿ ಬೆಲೆಗೂ ಒಂದು ಆದ್ಯತೆಯ ಸಂಖ್ಯೆ ಇರುತ್ತದೆ, ಚಿಕ್ಕ ಸಂಖ್ಯೆ ಗೆಲ್ಲುತ್ತದೆ. ಸುಮ್ನೆ ಬರೆದರೆ 100. 'ಎಂಕೆಡಿಫಾಲ್ಟ್' ಹಾಕಿದರೆ 1000. 'ಎಂಕೆಫೋರ್ಸ್' ಹಾಕಿದರೆ 50. ಜಗಳ ಬಂದ ಕಡೆಯೆಲ್ಲ ಎಂಕೆಫೋರ್ಸ್ ಹಾಕಿ ಬಾಯಿ ಮುಚ್ಚಿಸುವುದು ಸುಲಭ. ನನಗೆ ಅದು ಇಷ್ಟವಿಲ್ಲ. ಇನ್ನೊಂದು ಬೆಲೆ ಎಲ್ಲಿಂದ ಬಂತು, ಯಾಕೆ ಬಂತು ಅಂತ ತಿಳಿಯದೆ ಹಾಕಿದರೆ ಆರು ತಿಂಗಳ ಮೇಲೆ ಅದೇ ತಿರುಗಿ ಕಾಡುತ್ತದೆ.

'ಇನ್ಫಿನಿಟ್ ರಿಕರ್ಶನ್' ಎಂದು ಬಂದರೆ ಮೊದಲು ನಿಮ್ಮ 'ಇಂಪೋರ್ಟ್ಸ್' ಪಟ್ಟಿ ನೋಡಿ. ಅದರೊಳಗೆ 'ಕಾನ್ಫಿಗ್' ಅಥವಾ 'ಪ್ಯಾಕೇಜಸ್' ಬಳಸಿದ್ದೀರಾ? ಯಾವ ಫೈಲುಗಳನ್ನು ಸೇರಿಸಬೇಕು ಎಂದು ಗೊತ್ತಾದ ಮೇಲೆ ತಾನೇ ಕಾನ್ಫಿಗ್ ಸಿದ್ಧವಾಗುವುದು? ಆ ಪಟ್ಟಿಯೇ ಕಾನ್ಫಿಗ್ ಕೇಳಿದರೆ ಸುತ್ತು ಬಿಡಿಸಲಾಗದು. ಎಲ್ಲ ಫೈಲುಗಳನ್ನೂ ಯಾವಾಗಲೂ ಇಂಪೋರ್ಟ್ ಮಾಡಿ. ಬೇಕೋ ಬೇಡವೋ ಎಂಬ ಷರತ್ತನ್ನು ಆ ಫೈಲಿನ ಒಳಗೆ 'ಎಂಕೆಇಫ್' ಹಾಕಿ ಬರೆಯಿರಿ.

ಫ್ಲೇಕ್ (ಕಾನ್ಫಿಗರೇಶನ್ನನ್ನೂ ಅದು ಬಳಸುವ ಆವೃತ್ತಿಗಳನ್ನೂ ಒಟ್ಟಿಗೆ ಹಿಡಿದಿಡುವ ವಿಧಾನ) ಬಳಸುವವರಿಗೆ ಇದೊಂದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ಇದರಲ್ಲಿ ಒಂದು ಸಂಜೆ ಪೂರ್ತಿ ಕಳೆದಿದ್ದೇನೆ. ಆಡಿಯೋ ಸೆಟ್ಟಿಂಗ್‌ಗಳನ್ನು ಬೇರೆ ಮಾಡೋಣ ಅಂತ 'ಸೌಂಡ್.ನಿಕ್ಸ್' ಎಂಬ ಹೊಸ ಫೈಲ್ ಮಾಡಿ ಇಂಪೋರ್ಟ್ಸ್‌ಗೆ ಸೇರಿಸಿದೆ. ರೀಬಿಲ್ಡ್ ಕೊಟ್ಟೆ. ಆ ಹೆಸರಿನ ಫೈಲೇ ಇಲ್ಲ ಎಂದಿತು. ಫೋಲ್ಡರ್ ತೆರೆದರೆ ಫೈಲ್ ಕಣ್ಣೆದುರೇ ಇದೆ. ಹೆಸರು ಅಕ್ಷರ ಅಕ್ಷರ ಹೋಲಿಸಿದೆ. ಪರ್ಮಿಶನ್ ನೋಡಿದೆ. ಪೂರ್ತಿ ಪಾತ್ ಕೊಟ್ಟೂ ನೋಡಿದೆ. ಕೊನೆಗೆ ಎರರ್ ಹೇಳುತ್ತಿದ್ದ ಪಾತ್ ಅನ್ನು ನಿಧಾನವಾಗಿ ಓದಿದೆ. ಅದು ನನ್ನ ಫೋಲ್ಡರ್ ಅಲ್ಲ, ನಿಕ್ಸ್ ಸ್ಟೋರ್ ಒಳಗಿನದು! ಅಲ್ಲಿ ವಿಷಯ ಬಯಲಾಯಿತು. ಫೋಲ್ಡರ್ ಒಂದು ಗಿಟ್ ರೆಪೊ (ಫೈಲುಗಳ ಬದಲಾವಣೆಗಳನ್ನು ಗಿಟ್ ದಾಖಲಿಸುವ ಜಾಗ) ಆಗಿದ್ದರೆ, ಗಿಟ್‌ಗೆ ಗೊತ್ತಿರುವ ಫೈಲುಗಳಷ್ಟನ್ನೇ ಫ್ಲೇಕ್ ತೆಗೆದುಕೊಳ್ಳುತ್ತದೆ. ಹೊಸ ಫೈಲ್ ಗಿಟ್‌ಗೆ ಗೊತ್ತೇ ಇರಲಿಲ್ಲ. 'ಗಿಟ್ ಆಡ್' ಒಂದು ಸಲ ಕೊಟ್ಟರೆ ಸಾಕು, ಕಮಿಟ್ ಬೇಕಾಗಿಲ್ಲ.

ಕಟ್ಟುವಾಗ ನಿಂತರೆ

ಇಲ್ಲಿ ಹೆಚ್ಚು ಹೇಳುವುದಿಲ್ಲ. ಡಿಸ್ಕ್ ತುಂಬಿದೆಯಾ ನೋಡಿ. 'ಹ್ಯಾಶ್ ಮಿಸ್‌ಮ್ಯಾಚ್' (ಇಳಿಸಿದ ಫೈಲಿನ ಗುರುತು ಬರೆದಿಟ್ಟದ್ದಕ್ಕೆ ಹೊಂದುತ್ತಿಲ್ಲ) ಬಂದರೆ, ನೀವೇ ಬರೆದ ಪ್ಯಾಕೇಜ್ ಆಗಿದ್ದು ಆವೃತ್ತಿಯನ್ನೂ ನೀವೇ ಬದಲಿಸಿದ್ದರೆ, ಎರರ್ ತೋರಿಸುವ ಹೊಸ ಹ್ಯಾಶ್ ಅನ್ನು ಹಾಕಿ. ನೀವು ಏನೂ ಬದಲಿಸದೆ ಹ್ಯಾಶ್ ಬೇರೆಯಾಗಿದ್ದರೆ ಅದನ್ನು ಕಣ್ಣು ಮುಚ್ಚಿ ಹಾಕಬೇಡಿ. ಮೂಲದ ಫೈಲೇ ಬದಲಾಗಿದೆ ಎಂದರ್ಥ, ಯಾಕೆ ಎಂದು ತಿಳಿಯಿರಿ. ಉಳಿದಂತೆ, ಬಿಲ್ಡ್ ಸೋತಾಗ ಪರದೆಯ ಮೇಲೆ ಬರುವುದು ಲಾಗ್‌ನ ಬಾಲ ಮಾತ್ರ. 'ನಿಕ್ಸ್ ಲಾಗ್' ಕೊಟ್ಟು ಅದರ ಮುಂದೆ ಸೋತ ಡೆರಿವೇಶನ್‌ನ (ಪ್ಯಾಕೇಜ್ ಕಟ್ಟುವ ಸೂಚನೆಗಳ ಫೈಲ್) ಪಾತ್ ಹಾಕಿದರೆ ಪೂರ್ತಿ ಸಿಗುತ್ತದೆ.

ಬದಲಾದ ಮೇಲೆ ಸರ್ವಿಸ್ ಏಳದಿದ್ದರೆ

ಈ ಹಂತದ್ದು ನಿಕ್ಸ್ ಸಮಸ್ಯೆ ಕಡಿಮೆ, ಸಾಮಾನ್ಯ ಲಿನಕ್ಸ್ ಸಮಸ್ಯೆ ಜಾಸ್ತಿ. ಹಾಗಾಗಿ ಹಳೇ ಅಸ್ತ್ರಗಳೇ ಬೇಕು: ಸರ್ವಿಸ್‌ನ ಸ್ಥಿತಿ ತೋರಿಸುವ 'ಸಿಸ್ಟಂಸಿಟಿಎಲ್ ಸ್ಟೇಟಸ್' ಮತ್ತು ಲಾಗ್ ತೋರಿಸುವ 'ಜರ್ನಲ್‌ಸಿಟಿಎಲ್'.

ಆ ಹಳೇ ಡೆಸ್ಕ್‌ಟಾಪ್‌ನಲ್ಲಿ ಒಮ್ಮೆ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಎನೇಬಲ್ ಮಾಡಿ ಸ್ವಿಚ್ ಕೊಟ್ಟೆ. ಇವ್ಯಾಲ್ಯುಯೇಶನ್ ಸರಿ, ಬಿಲ್ಡ್ ಸರಿ. ಕೊನೆಗೆ ಎಂಜಿನ್‌ಎಕ್ಸ್ ಯೂನಿಟ್ ಸೋತಿದೆ ಎಂಬ ಎಚ್ಚರಿಕೆ. ಜರ್ನಲ್ ತೆರೆದೆ. 80ನೇ ಪೋರ್ಟ್ ಆಗಲೇ ಬೇರೆಯವರ ಬಳಿ ಇದೆ ಅಂತ ಸ್ಪಷ್ಟವಾಗಿ ಬರೆದಿತ್ತು, 98 ಎಂಬ ಎರರ್ ಸಂಖ್ಯೆಯ ಸಮೇತ. ಯಾರ ಬಳಿ? ರೂಟ್ ಆಗಿ 'ಎಸ್‌ಎಸ್ -ಟಿಎಲ್‌ಎನ್‌ಪಿ' ಕೊಟ್ಟು ನೋಡಿದರೆ ಕ್ಯಾಡಿ ಎಂಬ ಇನ್ನೊಂದು ವೆಬ್ ಸರ್ವರ್ ಅಲ್ಲಿ ಕೂತಿದೆ. ನಾನು ಅದನ್ನು ಹಾಕಿದ ನೆನಪೇ ಇಲ್ಲ.

ಇಂಥ ಹೊತ್ತಿನಲ್ಲಿ ನಿಕ್ಸ್‌ಓಎಸ್ ಎಷ್ಟು ಒಳ್ಳೆಯ ಸಂಗಾತಿ ಎಂದು ಗೊತ್ತಾಗುತ್ತದೆ. 'ನಿಕ್ಸ್‌ಓಎಸ್-ರೀಬಿಲ್ಡ್ ರೆಪ್ಲ್' ಎಂದು ಕೊಡಿ. ನಿಮ್ಮ ಇಡೀ ಕಾನ್ಫಿಗರೇಶನ್ ಓದಿಕೊಂಡು ಒಂದು ಪ್ರಾಂಪ್ಟ್ ಬರುತ್ತದೆ. ಅಲ್ಲಿ 'ಕಾನ್ಫಿಗ್.ಸರ್ವಿಸಸ್.ಕ್ಯಾಡಿ.ಎನೇಬಲ್' ಬರೆದು ಎಂಟರ್ ಒತ್ತಿದೆ. 'ಟ್ರೂ' ಎಂದಿತು. ಅಂದರೆ ಎಲ್ಲ ಫೈಲುಗಳೂ ಸೇರಿದ ಮೇಲೆ ನಿಂತ ಕೊನೆಯ ಬೆಲೆ ಅದು. ಈಗ ಮೊದಲ ಪದ ಬದಲಿಸಿ, ಕೊನೆಗೆ ಇನ್ನೊಂದು ಸೇರಿಸಿದೆ: 'ಆಪ್ಶನ್ಸ್.ಸರ್ವಿಸಸ್.ಕ್ಯಾಡಿ.ಎನೇಬಲ್.ಫೈಲ್ಸ್'. ಆ ಬೆಲೆ ಯಾವ ಫೈಲಿನಲ್ಲಿ ಬರೆದಿದೆ ಎಂದು ಪಾತ್ ಸಮೇತ ತೋರಿಸಿತು. ತಿಂಗಳುಗಳ ಹಿಂದೆ ಒಂದು ಪುಟ ತೋರಿಸಿ ನೋಡಲು ಮಾಡಿದ್ದ ಪ್ರಯೋಗದ ಫೈಲ್. ಇಂಪೋರ್ಟ್ಸ್‌ನಲ್ಲಿ ಹಾಗೇ ಉಳಿದಿತ್ತು. ಆ ಒಂದು ಸಾಲು ತೆಗೆದೆ, ಸ್ವಿಚ್ ಕೊಟ್ಟೆ, ಎಂಜಿನ್‌ಎಕ್ಸ್ ಎದ್ದಿತು. ಫೈರ್‌ವಾಲ್‌ನಲ್ಲಿ ಯಾವ ಪೋರ್ಟ್ ತೆರೆದಿದೆ, ಯಾರು ತೆರೆದರು ಎಂಬುದನ್ನೂ ಹೀಗೇ ಕೇಳಬಹುದು. ಈ ಲೇಖನದಲ್ಲಿ ಒಂದೇ ಒಂದು ವಿಷಯ ಕಲಿತು ಹೋಗುತ್ತೀರಾದರೆ ಈ ರೆಪ್ಲ್ ಕಲಿತು ಹೋಗಿ.

ಇನ್ನೊಂದು ಗೊಂದಲ: ಕರ್ನಲ್ ಬದಲಿಸಿ ಸ್ವಿಚ್ ಕೊಟ್ಟರೂ ಹಳೇ ಕರ್ನಲ್ಲೇ ಓಡುತ್ತಿರುತ್ತದೆ. ಅದು ರೀಬೂಟ್ ಆದ ಮೇಲೆಯೇ ಬದಲಾಗುವುದು. 'ರನ್' ಫೋಲ್ಡರ್ ಒಳಗೆ 'ಬೂಟೆಡ್-ಸಿಸ್ಟಂ', 'ಕರೆಂಟ್-ಸಿಸ್ಟಂ' ಎಂಬ ಎರಡು ಲಿಂಕ್ ಇವೆ. ಮೊದಲನೆಯದು ಬೂಟ್ ಆಗಿದ್ದು, ಎರಡನೆಯದು ಈಗಿನದು. ಡ್ರೈವರ್ ವಿಚಿತ್ರವಾಗಿ ಆಡುತ್ತಿದೆ ಅನ್ನಿಸಿದರೆ ಎರಡರ ಒಳಗಿನ ಕರ್ನಲ್ ಒಂದೇನಾ ಅಂತ ನೋಡಿ. ಬೇರೆ ಬೇರೆ ಇದ್ದರೆ ರೀಬೂಟ್ ಮಾಡಿ ಆಮೇಲೆ ಯೋಚಿಸಿ.

ಬೂಟ್ ವಿಷಯಕ್ಕೆ ಬಂದರೆ

ರೀಬಿಲ್ಡ್‌ನ ಕೊನೆಯಲ್ಲಿ ಜಾಗ ಇಲ್ಲ ಎಂದು ಬಂತು, ಆದರೆ ಡಿಸ್ಕ್ ಅರ್ಧಕ್ಕರ್ಧ ಖಾಲಿ ಇದೆ. ತುಂಬಿರುವುದು ಬೂಟ್ ಪಾರ್ಟಿಶನ್. ಕರ್ನಲ್ ಬದಲಾದಾಗಲೆಲ್ಲ ಕರ್ನಲ್ಲು, ಇನಿಟ್‌ಆರ್‌ಡಿ (ಬೂಟ್‌ನ ಶುರುವಿನಲ್ಲಿ ಬೇಕಾಗುವ ಫೈಲುಗಳ ಕಟ್ಟು) ಎರಡರ ಹೊಸ ಪ್ರತಿ ಅಲ್ಲಿ ಬಂದು ಕೂರುತ್ತದೆ. 256 ಎಂಬಿ ಪಾರ್ಟಿಶನ್ ಆದರೆ ಬೇಗ ತುಂಬುತ್ತದೆ. 'ನಿಕ್ಸ್-ಕಲೆಕ್ಟ್-ಗಾರ್ಬೇಜ್' ಅನ್ನು 14 ದಿನಕ್ಕಿಂತ ಹಳೆಯವನ್ನು ಅಳಿಸು ಎಂಬ ಆಯ್ಕೆಯ ಜೊತೆ ಕೊಡಿ. ಸುಡೋ ಹಾಕಿಯೇ ಕೊಡಿ. ಸುಡೋ ಇಲ್ಲದಿದ್ದರೆ ನಿಮ್ಮ ಯೂಸರ್‌ನ ಹಳೆಯವು ಮಾತ್ರ ಹೋಗುತ್ತವೆ, ಸಿಸ್ಟಂನವು ಹಾಗೇ ಇರುತ್ತವೆ. ಆಮೇಲೆ 'ರೀಬಿಲ್ಡ್ ಬೂಟ್' ಕೊಟ್ಟರೆ ಮೆನು, ಬೂಟ್ ಪಾರ್ಟಿಶನ್ ಎರಡೂ ಶುಚಿಯಾಗುತ್ತವೆ. ಸಿಸ್ಟಂಡಿ-ಬೂಟ್ ಎಂಬ ಬೂಟ್‌ಲೋಡರ್ ಬಳಸುತ್ತಿದ್ದರೆ 'ಕಾನ್ಫಿಗರೇಶನ್‌ಲಿಮಿಟ್' 10 ಎಂದಿಡಿ, ಇದು ಮತ್ತೆ ಬರುವ ಸಾಧ್ಯತೆ ಕಡಿಮೆ. ಎಲ್ಲ ಹಳೆಯದನ್ನೂ ಒಟ್ಟಿಗೆ ಅಳಿಸುವ 'ಡಿ' ಆಯ್ಕೆಯನ್ನು, ಹೊಸ ಜನರೇಶನ್‌ಗೆ ಒಮ್ಮೆ ರೀಬೂಟ್ ಆಗಿ ನೋಡದೆ ಕೊಡಲೇಬೇಡಿ. ವಾಪಸ್ ಬರುವ ದಾರಿಯನ್ನು ಅಳಿಸುವ ಮುಂಚೆ ಮುಂದಿನ ದಾರಿ ಗಟ್ಟಿ ಇದೆಯಾ ನೋಡಬೇಕು, ಅಲ್ವಾ?

ಬೂಟ್ ಆಗುವಾಗ ಯಾವುದೋ ಡಿಸ್ಕ್‌ಗೆ 1 ನಿಮಿಷ 30 ಸೆಕೆಂಡ್ ಕಾಯುತ್ತಾ ನಿಂತರೆ ಸಾಮಾನ್ಯವಾಗಿ ಯುಯುಐಡಿ (ಪಾರ್ಟಿಶನ್‌ನ ಗುರುತಿನ ಸಂಖ್ಯೆ) ಬದಲಾಗಿರುತ್ತದೆ. ನಾನು ಸ್ವ್ಯಾಪ್ ಪಾರ್ಟಿಶನ್ ಹೊಸದಾಗಿ ಫಾರ್ಮ್ಯಾಟ್ ಮಾಡಿದಾಗ ಹೀಗೇ ಆಯಿತು. ಫಾರ್ಮ್ಯಾಟ್ ಆದರೆ ಹೊಸ ಯುಯುಐಡಿ, 'ಹಾರ್ಡ್‌ವೇರ್-ಕಾನ್ಫಿಗರೇಶನ್.ನಿಕ್ಸ್' ಒಳಗೆ ಇನ್ನೂ ಹಳೆಯದು. ಇಲ್ಲಿ ಹಳೇ ಜನರೇಶನ್‌ಗೆ ಹೋದರೂ ಉಪಯೋಗವಿಲ್ಲ, ಅವೆಲ್ಲದರಲ್ಲೂ ಹಳೇ ಸಂಖ್ಯೆಯೇ ಇರುತ್ತದೆ. ಸ್ವ್ಯಾಪ್ ಆದರೆ ಕಾದ ಮೇಲೆ ಮುಂದೆ ಹೋಗುತ್ತದೆ. 'ಬಿಎಲ್‌ಕೆಐಡಿ' ಕೊಟ್ಟು ಹೊಸ ಸಂಖ್ಯೆ ನೋಡಿ ಫೈಲ್ ತಿದ್ದಿ, ರೀಬಿಲ್ಡ್ ಮಾಡಿ.

ರೂಟ್ ಪಾರ್ಟಿಶನ್‌ದೇ ಬದಲಾಗಿದ್ದರೆ ಒಳಗೆ ಬರಲು ಆಗುವುದಿಲ್ಲ. ಆಗ ಇನ್‌ಸ್ಟಾಲ್ ಮಾಡಲು ಬಳಸಿದ ಯುಎಸ್‌ಬಿ ಹಾಕಿ ಬೂಟ್ ಮಾಡಿ. ರೂಟ್ ಪಾರ್ಟಿಶನ್ ಅನ್ನು 'ಎಂಎನ್‌ಟಿ'ಗೆ ಮೌಂಟ್ ಮಾಡಿ, ಬೂಟ್ ಪಾರ್ಟಿಶನ್ ಅನ್ನು ಅದರೊಳಗಿನ 'ಬೂಟ್'ಗೆ ಮೌಂಟ್ ಮಾಡಿ. ಎರಡನೆಯದನ್ನು ಮರೆತರೆ ಎಲ್ಲ ಸರಿಯಾದಂತೆ ಕಂಡರೂ ಬೂಟ್ ಮೆನು ಹಳೆಯದೇ ಇರುತ್ತದೆ. ಆಮೇಲೆ 'ನಿಕ್ಸ್‌ಓಎಸ್-ಎಂಟರ್' ಕೊಡಿ, ನಿಮ್ಮ ಸಿಸ್ಟಂ ಒಳಗೇ ಇರುತ್ತೀರಿ. ಫೈಲ್ ತಿದ್ದಿ. 'ನಿಕ್ಸ್‌ಓಎಸ್-ರೀಬಿಲ್ಡ್ ಬೂಟ್' ಕೊಡಿ. ಇಲ್ಲಿ ಸ್ವಿಚ್ ಬೇಡ, ಓಡುತ್ತಿರುವುದು ಯುಎಸ್‌ಬಿಯ ಸಿಸ್ಟಂ. ಮುಗಿದ ಮೇಲೆ ಹೊರಗೆ ಬಂದು ಎರಡೂ ಪಾರ್ಟಿಶನ್ ಅನ್‌ಮೌಂಟ್ ಮಾಡಿ, ಯುಎಸ್‌ಬಿ ತೆಗೆದು ರೀಬೂಟ್ ಮಾಡಿ.